ಗೋವಿಂದ ಪೈಗಳು ಬಿಟ್ಟದ್ದು ಯಾವ ಪ್ರಾಸ? ‘ಆದಿಪ್ರಾಸ’ದ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ಟು ಬರೆದರು ಎಂದು ನಮ್ಮ ಕಾಸರಗೋಡಿನ ಕನ್ನಡ ಕ್ಲಾಸುಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮಕ್ಕಳು ಬರೆದುಕೊಳ್ಳುತ್ತಾರೆ. ಆಮೇಲೆ ಪೈಗಳದೇ ಪದ್ಯ ಓದುತ್ತಾರೆ:

ತಾಯೆ ಬಾರ ಮೊಗವ ತೋರ ಕನ್ನಡಿಗರ ಮಾತೆಯೆ
ಹರಸು ತಾಯೆ ಸುತರ ಕಾಯೆ ನಮ್ಮ ಜನ್ಮದಾತೆಯೆ

“ಮಾತೆಯೆ, ದಾತೆಯೆ ಅಂತ ಇದೆಯಲ್ಲ ಮಾಷ್ಟ್ರೇ, ಇದು ಪ್ರಾಸ ಅಲ್ವಾ?” ಎಂದು ಒಬ್ಬ ಹುಡುಗಿ ಕೇಳಿದಳು. ಬಹಳ ಸರಿಯಾದ ಪ್ರಶ್ನೆ. ಬಾರ, ತೋರ ಇದೆ. ತಾಯೆ, ಕಾಯೆ ಇದೆ. ಈ ಎರಡು ಸಾಲಿನಲ್ಲಿ ಪ್ರಾಸ ತುಂಬಿ ತುಳುಕುತ್ತಿದೆ. ಹಾಗಾದರೆ ಪೈಗಳು ಬಿಟ್ಟದ್ದು ಏನು?

ಅವರು ಬಿಟ್ಟದ್ದು ಸಾಲುಗಳ ಎರಡನೆಯ ಅಕ್ಷರದ ಪ್ರಾಸ, ಪಾಠದಲ್ಲಿ ‘ಆದಿಪ್ರಾಸ’ ಎನ್ನುವುದು ಇದನ್ನೇ. ಮೊದಲ ಸಾಲಿನ ಎರಡನೆಯ ಅಕ್ಷರ ‘ಯೆ’, ಮುಂದಿನದರಲ್ಲಿ ‘ರ’. ಹಳೆಯ ಕಟ್ಟಿನಲ್ಲಿ ಇದು ತಪ್ಪು. ಕುಮಾರವ್ಯಾಸನ ಮೊದಲ ಷಟ್ಪದಿಯನ್ನೇ ನೋಡಿ. ಆರು ಸಾಲುಗಳು ಶುರುವಾಗುವುದು ಹೀಗೆ: ಶ್ರೀವನಿತೆ, ಜೀವ, ಪಾವನನೆ, ರಾವಣಾಸುರ, ಧಾ ವಿನೂತನ, ಕಾವುದು. ಆರರಲ್ಲೂ ಎರಡನೆಯ ಜಾಗದಲ್ಲಿ ವಕಾರ ಇದೆ. ಸ್ವರ ಬದಲಾಗಬಹುದು, ವ, ವಿ, ವು ಯಾವುದಾದರೂ ಆಗುತ್ತದೆ. ವ್ಯಂಜನ ಮಾತ್ರ ಬದಲಾಗಬಾರದು. ಅದರ ಹಿಂದಿನ ಅಕ್ಷರ ಯಾವುದೂ ಇರಬಹುದು, ಆದರೆ ಒಂದು ಸಾಲಿನಲ್ಲಿ ದೀರ್ಘವಾದರೆ ಎಲ್ಲ ಸಾಲಿನಲ್ಲೂ ದೀರ್ಘವೇ ಆಗಬೇಕು. ‘ಮರ’ಕ್ಕೆ ‘ಕರ’ ಕೂಡುತ್ತದೆ, ‘ಕಾರ’ ಕೂಡುವುದಿಲ್ಲ. ಇದನ್ನೇ ನಾಗವರ್ಮ ತನ್ನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯಲ್ಲಿ ಆರು ಬಗೆ ಮಾಡಿದ. ಹಿಂದೆ ಹ್ರಸ್ವ ಬಂದರೆ ಸಿಂಹ, ದೀರ್ಘ ಬಂದರೆ ಗಜ, ಬಿಂದು, ಅಂದರೆ ಸೊನ್ನೆ, ಬಂದರೆ ವೃಷಭ. ವಿಸರ್ಗಕ್ಕೆ ಅಜ, ಒತ್ತಕ್ಷರಕ್ಕೆ ಶರಭ, ಅದೇ ಅಕ್ಷರ ಇಮ್ಮಡಿಯಾದರೆ ಹಯ. ಕುಮಾರವ್ಯಾಸನ ಆ ಪದ್ಯದಲ್ಲಿರುವುದು ಗಜಪ್ರಾಸ.

ಅದೇ ಪದ್ಯದಲ್ಲಿ ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಮೊದಲ ಸಾಲು ‘ವಿಮಲ ರಾ’ ಎಂದು ನಿಂತು, ಎರಡನೆಯದು ‘ಜೀವ ಪೀಠನ’ ಎಂದು ಮುಂದುವರಿಯುತ್ತದೆ. ‘ರಾಜೀವ’ ಎಂಬ ಪದವನ್ನೇ ಕವಿ ಎರಡು ಸಾಲಿಗೆ ಹಂಚಿದ್ದಾನೆ. ಪದ ಮುರಿದರೂ ಚಿಂತೆ ಇಲ್ಲ, ಎರಡನೆಯ ಜಾಗಕ್ಕೆ ‘ವ’ ಬರಬೇಕು. ಪ್ರಾಸದ ಹಿಡಿತ ಎಷ್ಟಿತ್ತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದನ್ನು ಕಂಡ ಮೇಲೆಯೇ ಪೈಗಳ ಧೈರ್ಯ ಮಕ್ಕಳಿಗೆ ಅರ್ಥವಾಗುವುದು.

ತೊಡಕು ಬರುವುದು ಹೆಸರಿನಲ್ಲಿ. ಬರೀ ‘ಪ್ರಾಸ’ ಎಂದರೆ ಇವತ್ತು ಎಲ್ಲರ ಮನಸ್ಸಿಗೆ ಬರುವುದು ಸಾಲಿನ ಕೊನೆ. ‘ಆದಿಪ್ರಾಸ’ ಎಂದರೆ ಮಕ್ಕಳು ಮೊದಲ ಅಕ್ಷರಕ್ಕೆ ಗೆರೆ ಹಾಕುತ್ತಾರೆ. ಶ್ರೀ, ಜೀ, ಪಾ, ರಾ ಎಂದು ಗುರುತು ಮಾಡಿ “ಇಲ್ಲಿ ಪ್ರಾಸ ಇಲ್ಲ” ಎಂದು ಬರೆಯುತ್ತಾರೆ. ಸಾಲಿನ ಆರಂಭದ ಕಡೆಯ ಪ್ರಾಸ ಎಂಬ ಅರ್ಥದಲ್ಲಿ ‘ಆದಿ’ ಬಂದದ್ದು, ಮೊದಲ ಅಕ್ಷರ ಎಂದಲ್ಲ. ಆದರೆ ಹೆಸರೇ ದಾರಿ ತಪ್ಪಿಸಿದರೆ ಮಕ್ಕಳನ್ನು ಅಂದು ಏನು ಪ್ರಯೋಜನ?

ನಮ್ಮ ಅಕ್ಕಪಕ್ಕದ ಭಾಷೆಗಳಲ್ಲಿ ಈ ಗೊಂದಲ ಕಡಿಮೆ. ತಮಿಳಿನಲ್ಲಿ ಮೊದಲ ಅಕ್ಷರದ್ದು ಮೋನೈ, ಎರಡನೆಯದ್ದು ಎದುಗೈ. ಮಲಯಾಳದಲ್ಲಿ ನೇರವಾಗಿ ‘ದ್ವಿತೀಯಾಕ್ಷರ ಪ್ರಾಸಂ’ ಎನ್ನುತ್ತಾರೆ. ಅದು ಬೇಕೋ ಬೇಡವೋ ಎಂದು ಕೇರಳವರ್ಮ ವಲಿಯಕೋಯಿ ತಂಬುರಾನ್ ಮತ್ತು ಅವರ ಸೋದರಳಿಯ ಎ.ಆರ್. ರಾಜರಾಜವರ್ಮರ ನಡುವೆ ದೊಡ್ಡ ವಾದವೇ ನಡೆದಿತ್ತು. ಪೈಗಳು ಇಲ್ಲಿ ಪ್ರಾಸ ಬಿಡುವುದಕ್ಕೆ ಸ್ವಲ್ಪ ಮೊದಲಿನ ಮಾತು ಅದು. ಒಂದೇ ಶಾಲೆಯಲ್ಲಿ ಕನ್ನಡ, ಮಲಯಾಳ ಎರಡೂ ಕಲಿಯುವ ನಮ್ಮ ಮಕ್ಕಳಿಗೆ ಈ ಎರಡು ಕಥೆಗಳನ್ನು ಸೇರಿಸಿ ಹೇಳಬೇಕು ಎಂದು ನನ್ನ ಆಸೆ.

ಬೇರೆ ಗಡಿಗಳಲ್ಲಿ ತೊಡಕು ಬೇರೆ ಥರ ಇರಬೇಕು. ಮರಾಠಿಯಲ್ಲಿ ‘ಯಮಕ’ ಎಂದರೆ ಸಾಲಿನ ಕೊನೆಯ ಪ್ರಾಸ. ನಮಗೆ ಯಮಕ ಅಲಂಕಾರ: ‘ಮರೆಯಲಿ ನಿಂತವನ ಮರೆಯಲಿ ಹೇಗೆ’ ಎಂದಾಗ ಅಕ್ಷರ ಅವೇ, ಅರ್ಥ ಬೇರೆ. ತೆಲುಗಿನಲ್ಲಿ ‘ಪ್ರಾಸ’ ಎಂದರೆ ಎರಡನೆಯ ಅಕ್ಷರದ್ದೇ, ನಮ್ಮ ಹಳೆಯ ಅರ್ಥ ಅಲ್ಲಿ ಗಟ್ಟಿಯಾಗಿ ಉಳಿದಿದೆ. ಆದರೆ ‘ಯತಿ’ ಬೇರೆ. ಕನ್ನಡದಲ್ಲಿ ಯತಿ ಎಂದರೆ ಓದುವಾಗ ನಿಲ್ಲುವ ಜಾಗ. ತೆಲುಗಿನಲ್ಲಿ ಸಾಲಿನ ಮೊದಲ ಅಕ್ಷರಕ್ಕೆ ನಡುವಿನ ಒಂದು ಗೊತ್ತಾದ ಅಕ್ಷರ ಹೊಂದಬೇಕು, ಅದು ಯತಿ.

ಈಗ ನನ್ನ ಪ್ರಶ್ನೆ. ಕ್ಲಾಸಿನಲ್ಲಿ ‘ಆದಿಪ್ರಾಸ’ವನ್ನು ಬಿಟ್ಟು ‘ಎರಡನೆಯ ಅಕ್ಷರದ ಪ್ರಾಸ’ ಎಂದೇ ಹೇಳಿದರೆ ಹೇಗೆ? ಪರೀಕ್ಷೆಗೆ ‘ದ್ವಿತೀಯಾಕ್ಷರ ಪ್ರಾಸ’ ಎಂದು ಬರೆಸಬಹುದು, ಮಲಯಾಳದ ಹೆಸರಿಗೂ ಹೊಂದುತ್ತದೆ. ನನಗೆ ಇದೇ ಸರಿ ಅನಿಸುತ್ತದೆ. ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಕನ್ನಡ ಕಲಿಸುವವರು ಯಮಕವನ್ನು ಹೇಗೆ ಬಿಡಿಸಿ ಹೇಳುತ್ತೀರಿ? ಆದೋನಿ, ಮಡಕಶಿರಾದವರು ಯತಿಗೆ ಏನು ಮಾಡುತ್ತೀರಿ? ಹೊಸೂರಿನ ಕಡೆಯವರು ಎದುಗೈ ಪದವನ್ನು ಕನ್ನಡ ಪಾಠದಲ್ಲೂ ಬಳಸುವುದುಂಟಾ? ಉದಾಹರಣೆ ಸಮೇತ ಬರೆದರೆ ಜಾಸ್ತಿ ಉಪಕಾರ.