ಯಾಕೋಬನ ಕನಸು: ‘ಅದರ ಮೇಲೆ’ಯೋ, ‘ಅವನ ಮೇಲೆ’ಯೋ?

ಗೆಳೆಯರೇ,

ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 28:12ರಲ್ಲಿ ಯೆಹೂದಿಗಳ ಮೂಲಪುರುಷ ಯಾಕೋಬ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿ ಕನಸು ಕಾಣುತ್ತಾನಲ್ಲ, ಆ ಸಾಲಿನ ಯೆಹೂದಿ ವ್ಯಾಖ್ಯಾನಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೆಲದಿಂದ ಆಕಾಶಕ್ಕೆ ಏಣಿ, ಹತ್ತಿಳಿಯುವ ದೇವದೂತರು. ಎಡವಟ್ಟು ಮಾಡುತ್ತಿರುವುದು ಹೀಬ್ರೂ ಮೂಲದಲ್ಲಿ ಆ ಸಾಲಿನ ಕೊನೆಯ ಪದ, ‘ಬೋ’.

ಏಣಿಗೆ ಅಲ್ಲಿರುವ ಪದ ‘ಸುಲ್ಲಾಮ್’. ಹೀಬ್ರೂ ಬೈಬಲ್‌ನಲ್ಲಿ ಇದೊಂದೇ ಕಡೆ ಬರುತ್ತದೆ, ಅದೂ ಪುಲ್ಲಿಂಗ. ಹೀಬ್ರೂವಿನಲ್ಲಿ ಪುಲ್ಲಿಂಗದ ವಸ್ತುವಿಗೂ ಗಂಡಸಿಗೂ ಒಂದೇ ಸರ್ವನಾಮ. ಹಾಗಾಗಿ ‘ಬೋ’ ಅಂದರೆ ಏಣಿಯ ಮೇಲೆ ಅಂತಲೂ ಆಗುತ್ತದೆ, ಯಾಕೋಬನ ಮೇಲೆ ಅಂತಲೂ ಆಗುತ್ತದೆ. ಆದಿಕಾಂಡದ ಹಳೆಯ ಯೆಹೂದಿ ವ್ಯಾಖ್ಯಾನವಾದ (ಮಿದ್ರಾಷ್) ಬೆರೇಶೀತ್ ರಬ್ಬಾದಲ್ಲಿ ರಬ್ಬಿ (ಯೆಹೂದಿ ಧರ್ಮಗುರು) ಹಿಯ್ಯಾ ಮತ್ತು ರಬ್ಬಿ ಯನ್ನಾಯ್ ನಡುವಿನ ತಕರಾರೇ ಇದು. ಒಬ್ಬರಿಗೆ ಅದು ಏಣಿ, ಇನ್ನೊಬ್ಬರಿಗೆ ಯಾಕೋಬ. ಎರಡನೆಯದು ನನಗೆ ಜಾಸ್ತಿ ಇಷ್ಟ. ಯಾಕೋಬನ ಮುಖ ಮೇಲಿನ ಲೋಕದಲ್ಲಿ ಕೆತ್ತಿದೆಯಂತೆ. ದೂತರು ಮೇಲೆ ಹೋಗಿ ಅದನ್ನು ನೋಡುತ್ತಾರೆ, ಕೆಳಗೆ ಬಂದರೆ ಆಸಾಮಿ ನಿದ್ದೆ ಹೊಡೆಯುತ್ತಿದ್ದಾನೆ! ಒಂದು ಕಡೆ ನ್ಯಾಯ ಹೇಳುತ್ತಾ ಕೂತ ರಾಜನೇ ಇನ್ನೊಂದು ಕಡೆ ಮಲಗಿರುವುದು ಕಂಡಂತೆ, ಅನ್ನುತ್ತದೆ ಮಿದ್ರಾಷ್.

ಕನ್ನಡದಲ್ಲಿ ಏಣಿ ‘ಅದು’, ಯಾಕೋಬ ‘ಅವನು’. ಎರಡಕ್ಕೂ ಒಗ್ಗುವ ಸರ್ವನಾಮ ಸಿಗುತ್ತಿಲ್ಲ. ‘ಮಲಗಿದ ಜೀವ’ ಅಂತ ಬರೆದರೆ ‘ಅದರ ಮೇಲೆ’ ಎರಡಕ್ಕೂ ನಡೆಯುತ್ತದೆ, ಆದರೆ ಮೂಲದಲ್ಲಿ ಇಲ್ಲದ ಜಾಣತನ ಅದು. ಸರ್ವನಾಮವನ್ನೇ ಬಿಟ್ಟರೆ ಓದುಗರು ಏಣಿ ಅಂತಲೇ ತಿಳಿಯುತ್ತಾರೆ, ಅಲ್ವಾ?

ಕ್ರಿಯಾಪದದಲ್ಲೂ ಒಂದು ತೊಡಕಿದೆ. ದೂತರು ಮೊದಲು ಇಳಿಯಬೇಕಿತ್ತು, ಹತ್ತುವುದು ಮೊದಲು ಯಾಕೆ? 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಹೇಳುವಂತೆ, ಯಾಕೋಬ ಬೇರ್ಷೆಬ ಬಿಟ್ಟು ಖಾರಾನಿಗೆ ಹೊರಟವನು. ಸ್ವದೇಶದ ದೂತರು ಗಡಿ ದಾಟುವಂತಿಲ್ಲ, ಅವರು ಹತ್ತಿ ಹೋದರು. ಹೊರದೇಶದಲ್ಲಿ ಜೊತೆಗಿರಲು ಬೇರೆಯವರು ಇಳಿದರು. ‘ಹತ್ತಿ ಇಳಿಯುತ್ತಿದ್ದರು’ ಅಂತ ಬರೆದರೆ ಹತ್ತಿದವರೇ ಇಳಿದಂತಾಗಿ ರಾಶಿಯ ಮಾತು ಕೆಡುತ್ತದೆ. 12ನೇ ಶತಮಾನದ ಯೆಹೂದಿ ತತ್ವಜ್ಞಾನಿ ಮೈಮೋನಿಡೀಸ್‌ಗೆ ಮಾತ್ರ ಅದೇ ಬೇಕು. ಅವರ ಪ್ರಕಾರ ಈ ದೂತರು ಪ್ರವಾದಿಗಳು. ಮೇಲೇರಿ ಅರಿತು, ಆಮೇಲೆ ಜನರಿಗೆ ದಾರಿ ತೋರಿಸಲು ಅವರೇ ಇಳಿದು ಬರುತ್ತಾರೆ.

ಸದ್ಯಕ್ಕೆ ‘ಹತ್ತುತ್ತಾ ಇಳಿಯುತ್ತಾ ಇದ್ದರು’ ಅಂತ ಇಟ್ಟಿದ್ದೇನೆ. ಇದು ಇಬ್ಬರಿಗೂ ಒಗ್ಗುತ್ತದೆ ಅನಿಸುತ್ತದೆ. ‘ಬೋ’ಗೆ ಮಾತ್ರ ದಾರಿ ಕಾಣುತ್ತಿಲ್ಲ. ನಿಮ್ಮ ಕಡೆಯ ಆಡುಮಾತಿನಲ್ಲಿ ವಸ್ತುವಿಗೂ ಗಂಡಸಿಗೂ ಒಟ್ಟಿಗೆ ಸಲ್ಲುವ ಪದ ಏನಾದರೂ ಇದೆಯಾ? ಅಥವಾ ‘ಅದರ ಮೇಲೆ’ ಅಂತ ಬರೆದು, ರಬ್ಬಿಗಳ ತಕರಾರನ್ನು ಅಡಿಟಿಪ್ಪಣಿಯಲ್ಲಿ ಹೇಳುವುದೇ ಸರಿಯಾ?