ಶುಲ್ಕ ಕಡಿಮೆ ಎಂದರೆ ಕಚೇರಿಯಲ್ಲಿ ಉತ್ತರವನ್ನೂ ಕೇಳಬಾರದೆ?

ಅಂತಿಮ ವರ್ಷದ ವಿದ್ಯಾರ್ಥಿನಿ

ನಾನು ಓದುತ್ತಿರುವುದು ಕಡಿಮೆ ಶುಲ್ಕದ ಕಾಲೇಜಿನಲ್ಲಿ. ಪಾಠದ ಬಗ್ಗೆ ತಕರಾರಿಲ್ಲ. ತರಗತಿ ಮುಗಿದ ಮೇಲೂ ನಿಂತು ಹೇಳಿಕೊಡುವ ಅಧ್ಯಾಪಕರಿದ್ದಾರೆ. ತೊಂದರೆಯೆಲ್ಲ ಕಚೇರಿಯ ಕಿಟಕಿಯಲ್ಲಿ.

ಹಿಂದಿನ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ ಒಂದು ವಿಷಯದ ಎದುರು ‘ಗೈರುಹಾಜರಿ’ ಎಂದು ಬಂದಿದೆ. ಆ ಪರೀಕ್ಷೆಯನ್ನು ನಾನು ಬರೆದಿದ್ದೇನೆ. ಮೇಲ್ವಿಚಾರಕರ ಸಹಿಯಿರುವ ಪ್ರವೇಶಪತ್ರ ನನ್ನ ಬಳಿ ಇದೆ. ತಿದ್ದಿಕೊಡಿ ಎಂದು ಕೇಳಿದರೆ ಕಚೇರಿಯವರು ಪರೀಕ್ಷಾ ವಿಭಾಗಕ್ಕೆ ಕಳುಹಿಸಿದರು. ಪರೀಕ್ಷಾ ವಿಭಾಗದವರು, ಮೊದಲು ಕಚೇರಿಯಿಂದ ಪತ್ರ ಬರಲಿ ಎಂದರು. ಮರಳಿ ಹೋದರೆ ಆ ಕಡತ ನೋಡುವವರು ರಜೆಯ ಮೇಲಿದ್ದಾರಂತೆ. ಮೊನ್ನೆ ಅಲ್ಲಿದ್ದವರು ನನ್ನ ಅರ್ಜಿಯನ್ನು ಓದಲೂ ಇಲ್ಲ. ಪೆನ್ನಿನ ತುದಿಯಿಂದ ಅದನ್ನು ಕಿಟಕಿಯ ಈಚೆಗೆ ತಳ್ಳಿ, “ನೀವು ಕಟ್ಟುವ ಶುಲ್ಕಕ್ಕೆ ಇನ್ನೇನು ಬೇಕು?” ಎಂದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿಕೊಂಡು ನಿಂತಿದ್ದರು.

ಮುಂದಿನ ವ್ಯಾಸಂಗಕ್ಕೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬರುತ್ತಿದೆ. ಗಟ್ಟಿಯಾಗಿ ಕೇಳಲು ಭಯ, ಏಕೆಂದರೆ ನಾಳೆ ಪದವಿ ಪ್ರಮಾಣಪತ್ರಕ್ಕೂ ಅದೇ ಕಿಟಕಿಗೆ ಹೋಗಬೇಕು. ಏನು ಮಾಡಲಿ?

ನಿವೃತ್ತ ಕಚೇರಿ ಅಧೀಕ್ಷಕ

ನೋಡಮ್ಮ, ನಾನು ಸೇವೆ ಸಲ್ಲಿಸಿದ್ದೆಲ್ಲ ಕಾಲೇಜು ಕಚೇರಿಗಳಲ್ಲೇ. ಮೊದಲಿಗೆ ಒಂದು ಮಾತು: ಆ ಪ್ರಶ್ನೆಯನ್ನು ನಿನಗೆ ಕೇಳುವ ಹಕ್ಕು ಯಾವ ನೌಕರನಿಗೂ ಇಲ್ಲ. ನೀನು ಬರೆದ ಪರೀಕ್ಷೆಯ ಅಂಕ ನಿನ್ನದು. ಶುಲ್ಕ ಎಷ್ಟೇ ಇರಲಿ, ಅದು ಯಾರೋ ಕೊಡುವ ದಾನವಲ್ಲ.

ಈಗ ಕೆಲಸದ ವಿಷಯ. ಪರೀಕ್ಷೆ ಬರೆದವರ ಹೆಸರಿನ ಎದುರು ಗೈರುಹಾಜರಿ ಎಂದು ಬೀಳುವುದು ಸಾಮಾನ್ಯವಾಗಿ ಮೂರು ಕಡೆ. ಕೊಠಡಿಯ ಹಾಜರಿ ಪಟ್ಟಿಯಲ್ಲಿ ತಪ್ಪಾಗಿರಬಹುದು. ಉತ್ತರಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆಯ ಒಂದು ಅಂಕಿ ಆಚೀಚೆ ಆಗಿರಬಹುದು. ಇಲ್ಲವೆ ಮೌಲ್ಯಮಾಪನವಾದ ಅಂಕ ಗಣಕಯಂತ್ರಕ್ಕೆ ಏರದೆ ಉಳಿದಿರಬಹುದು. ಕಿಟಕಿಯಲ್ಲಿ ಕುಳಿತವರಿಗೆ ಇದ್ಯಾವುದೂ ಕಾಣುವುದಿಲ್ಲ. ಆದ್ದರಿಂದ ‘ಅಂಕ ತಿದ್ದಿಕೊಡಿ’ ಎಂದಷ್ಟೇ ಬರೆಯಬೇಡ. ‘ಇಂಥ ದಿನಾಂಕ, ಇಂಥ ವಿಷಯ ಸಂಕೇತ, ಇಂಥ ಕೊಠಡಿಯ ಹಾಜರಿ ಪಟ್ಟಿಯನ್ನು ಪರಿಶೀಲಿಸಿ’ ಎಂದು ಬರೆ. ಆ ಪಟ್ಟಿಯಲ್ಲಿ ನಿನ್ನ ಸಹಿ ಇರುತ್ತದೆ, ಸಾಮಾನ್ಯವಾಗಿ ಉತ್ತರಪತ್ರಿಕೆಯ ಕ್ರಮಸಂಖ್ಯೆಯೂ ಇರುತ್ತದೆ. ಆ ಸಂಖ್ಯೆ ಸಿಕ್ಕರೆ ಪತ್ರಿಕೆಯನ್ನು ಹುಡುಕಬಹುದು.

ಅರ್ಜಿಯನ್ನು ಕಿಟಕಿಯಲ್ಲಿ ಕೊಡಬೇಡ, ಟಪಾಲು ವಿಭಾಗದಲ್ಲಿ ಕೊಡು. ಎರಡು ಪ್ರತಿ ಒಯ್ದು, ನಿನ್ನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ, ಬಂದ ಪತ್ರಗಳನ್ನು ದಾಖಲಿಸುವ ವಹಿಯ ಸಂಖ್ಯೆ ಹಾಕಿಸಿಕೊ. ವಹಿಗೆ ಏರದ ಅರ್ಜಿ ಕಚೇರಿಯ ಲೆಕ್ಕದಲ್ಲಿ ಬಂದೇ ಇಲ್ಲ. ಅದು ಕಳೆದುಹೋದರೂ ಯಾರೂ ಉತ್ತರ ಹೇಳಬೇಕಾಗಿಲ್ಲ. ವಹಿಗೆ ಏರಿದ ಮೇಲೆ ನೀನು ಕೇಳುವ ಪ್ರಶ್ನೆಯೇ ಬೇರೆ: ಈ ಸಂಖ್ಯೆಯ ಅರ್ಜಿ ಈಗ ಯಾರ ಮೇಜಿನ ಮೇಲಿದೆ? ಪ್ರವೇಶಪತ್ರದ ಮೂಲಪ್ರತಿಯನ್ನು ಮಾತ್ರ ಯಾರ ಕೈಗೂ ಬಿಟ್ಟು ಬರಬೇಡ.

ಸೇರಬೇಕೆಂದಿರುವ ಸಂಸ್ಥೆಗೂ ಇವತ್ತೇ ಒಂದು ಪತ್ರ ಕಳುಹಿಸು. ತಿದ್ದುಪಡಿಗೆ ಅರ್ಜಿ ಕೊಟ್ಟ ಸ್ವೀಕೃತಿಯನ್ನು ಲಗತ್ತಿಸಿ, ಅಂಕಪಟ್ಟಿಯನ್ನು ನಂತರ ಸಲ್ಲಿಸಲು ಅವಕಾಶ ಕೇಳು. ಕೊನೆಯ ದಿನಕ್ಕೆ ಮೊದಲು ಕೇಳಿದವರಿಗೂ ಆಮೇಲೆ ಕೇಳಿದವರಿಗೂ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ.

ಅದೇ ಸಾಲಿನಲ್ಲಿ ನಿಂತವನು

ಹಿರಿಯರ ಮಾತು ಸರಿ. ಆದರೆ ಒಬ್ಬರೇ ಹೋದರೆ ಮತ್ತೆ ಅದೇ ಪೆನ್ನಿನ ತುದಿ. ಆ ಕೊಠಡಿಯಲ್ಲಿ ಪರೀಕ್ಷೆ ಬರೆದ ಉಳಿದವರನ್ನು ವಿಚಾರಿಸಿ. ಉತ್ತರಪತ್ರಿಕೆಗಳು ಕಟ್ಟುಕಟ್ಟಾಗಿ ಹೋಗುತ್ತವೆ, ಕಟ್ಟಿನಲ್ಲೇ ಎಡವಟ್ಟಾಗಿದ್ದರೆ ನಿಮ್ಮ ಒಬ್ಬರಿಗೇ ಆಗಿರಲಾರದು.

ಅಧ್ಯಾಪಕಿ

‘ಈ ಶುಲ್ಕಕ್ಕೆ ಇಷ್ಟೇ’ ಎಂಬ ಮಾತನ್ನು ನಾನೂ ಸಿಬ್ಬಂದಿ ಕೊಠಡಿಯಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಕಡಿಮೆ ಶುಲ್ಕದ ಕಾಲೇಜುಗಳಲ್ಲಿ ಕೈಗಳು ಕಡಿಮೆ, ನಿಜ. ಪ್ರವೇಶ, ಪರೀಕ್ಷೆ, ವಿದ್ಯಾರ್ಥಿವೇತನ ಮೂರೂ ಒಬ್ಬರ ತಲೆಯ ಮೇಲೆ ಬಿದ್ದಿರುತ್ತವೆ, ಸಹಿ ಮಾಡುವ ಅಧಿಕಾರ ಇನ್ನೊಬ್ಬರ ಬಳಿ ಇರುತ್ತದೆ. ಆದರೆ ಅದಕ್ಕೆ ದಂಡ ತೆರಬೇಕಾದವರು ವಿದ್ಯಾರ್ಥಿಗಳಲ್ಲ.

ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಕಡಿಮೆ ಶುಲ್ಕದ ಸಮುದಾಯ ಕಾಲೇಜುಗಳಲ್ಲಿ (ಎರಡು ವರ್ಷದ ಪದವಿ ಕೊಡುವ ಕಮ್ಯುನಿಟಿ ಕಾಲೇಜುಗಳು) ಒಂದು ಯೋಜನೆ ಆರಂಭಿಸಿತು. ಪೂರ್ಣಾವಧಿ ಓದಬೇಕೆಂಬ ನಿಯಮದ ಜೊತೆಗೆ ಪಠ್ಯಪುಸ್ತಕ, ಪ್ರಯಾಣದ ಪಾಸು ಕೊಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದಾಗ ಉತ್ತರಿಸಲು ಸಲಹೆಗಾರರನ್ನು ಕೊಟ್ಟರು. ಉಳಿದ ವಿದ್ಯಾರ್ಥಿಗಳ ಪಾಲಿಗೆ 600ರಿಂದ 1,500 ಮಂದಿಗೆ ಒಬ್ಬ ಸಲಹೆಗಾರರಿದ್ದರೆ, ಯೋಜನೆಯಲ್ಲಿದ್ದವರಿಗೆ 60ರಿಂದ 80 ಮಂದಿಗೆ ಒಬ್ಬರು. ಮೂರು ವರ್ಷದೊಳಗೆ ಪದವಿ ಮುಗಿಸಿದವರು ಯೋಜನೆಯಲ್ಲಿ ಶೇ 40, ಹೊರಗೆ ಶೇ 22. ಒಬ್ಬ ವಿದ್ಯಾರ್ಥಿಗೆ ತಗಲುವ ಖರ್ಚು ಹೆಚ್ಚಾಯಿತು, ಆದರೆ ಒಂದು ಪದವಿಗೆ ತಗಲುವ ಖರ್ಚು ಇಳಿಯಿತು. ಆಡಳಿತ ಮಂಡಳಿಯವರು ಈ ಕೊನೆಯ ಲೆಕ್ಕವನ್ನು ನೋಡಬೇಕು.

ಇನ್ನೊಂದು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ದೂರು ಆಲಿಸಲೆಂದೇ 1965ರಲ್ಲಿ ಒಂಬುಡ್ಸ್‌ಮನ್ ಹುದ್ದೆ ಶುರುವಾಯಿತು. ನಿಮ್ಮಲ್ಲೂ ಕಚೇರಿಗೆ ಅಧೀನರಲ್ಲದ ಅಂಥ ಯಾರಾದರೂ ಇದ್ದಾರೆಯೇ ವಿಚಾರಿಸಿ. ಇದ್ದರೆ, ಕಿಟಕಿಯಲ್ಲಿ ಆಡಿದ ಆ ಮಾತನ್ನು ಅವರಿಗೆ ಬರೆದು ಕೊಡಿ. ಅಂಕದ ಅರ್ಜಿಯೊಳಗೆ ಅದನ್ನು ಬೆರೆಸಬೇಡಿ.

ಅಂತಿಮ ವರ್ಷದ ವಿದ್ಯಾರ್ಥಿನಿ

ವಿಚಾರಿಸಿದೆ. ಅದೇ ಕೊಠಡಿಯ ಇನ್ನೂ ಮೂವರಿಗೆ ಅದೇ ವಿಷಯದಲ್ಲಿ ಗೈರುಹಾಜರಿ ಬಂದಿದೆ! ಅವರಲ್ಲಿ ಒಬ್ಬಳು ಮರುಪರೀಕ್ಷೆಗೆ ಶುಲ್ಕ ಕಟ್ಟಲು ಹೊರಟಿದ್ದಳು, ತಡೆದಿದ್ದೇನೆ. ಒಟ್ಟಿಗೆ ಒಂದೇ ಅರ್ಜಿ ಕೊಡಬೇಕೇ, ಬೇರೆ ಬೇರೆಯೇ?

ನಿವೃತ್ತ ಕಚೇರಿ ಅಧೀಕ್ಷಕ

ಎರಡೂ ಕೊಡಿ. ದಾಖಲೆ ಒಬ್ಬೊಬ್ಬರದೂ ಬೇರೆಯಾದ್ದರಿಂದ ಬಿಡಿ ಅರ್ಜಿಗಳು ಬೇಕೇ ಬೇಕು. ಅವುಗಳ ಮೇಲೆ ನಾಲ್ವರೂ ಸಹಿ ಮಾಡಿದ ಒಂದು ಮುಖಪತ್ರವಿರಲಿ. ಅದರಲ್ಲಿ ಕೊಠಡಿ ಸಂಖ್ಯೆ, ದಿನಾಂಕ ಎದ್ದುಕಾಣಬೇಕು. ಪ್ರಾಂಶುಪಾಲರ ಮೂಲಕ ಪರೀಕ್ಷಾ ನಿಯಂತ್ರಕರಿಗೆ ಎಂದು ವಿಳಾಸ ಬರೆಯಿರಿ. ಮರುಪರೀಕ್ಷೆಯ ಶುಲ್ಕಕ್ಕೆ ಕೊನೆಯ ದಿನ ಯಾವುದೆಂದು ಮಾತ್ರ ತಿಳಿದುಕೊಂಡಿರಿ. ಅಷ್ಟರೊಳಗೆ ತಿದ್ದುಪಡಿ ಆಗದಿದ್ದರೆ ಆ ಹುಡುಗಿಯ ಒಂದು ಅವಕಾಶ ತಪ್ಪಬಾರದು. ನೋಂದಣಿ ಸಂಖ್ಯೆಗಳನ್ನು ನೆನಪಿನಿಂದ ಬರೆಯಬೇಡಿ, ಪ್ರವೇಶಪತ್ರ ಎದುರಿಗಿಟ್ಟುಕೊಂಡು ಬರೆಯಿರಿ.