ಮ್ಯೂಸಿಯಂನಲ್ಲಿ ಮಕ್ಕಳ ಚಿತ್ರಕಲಾ ಶಿಬಿರ: ಸೇರಿಸುವ ಮುಂಚೆ ಏನು ಕೇಳಬೇಕು?

ಮಲ್ಲೇಶ್ವರದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ. ಯಾವಾಗಲೂ ಏನಾದರೂ ಬಿಡಿಸುತ್ತಾ ಇರುತ್ತಾಳೆ, ಹಾಲಿನ ಲೆಕ್ಕದ ಪುಸ್ತಕವನ್ನೂ ಬಿಟ್ಟಿಲ್ಲ. ಈ ಬೇಸಿಗೆ ರಜೆಯಲ್ಲಿ ಒಂದು ಮ್ಯೂಸಿಯಂನಲ್ಲಿ ಐದು ದಿನದ ಚಿತ್ರಕಲಾ ಶಿಬಿರ ಇದೆಯಂತೆ. ಸೇರಿಸಬೇಕು ಅಂತ ತುಂಬಾ ಆಸೆ. ಆದರೆ ಹೋದ ವರ್ಷದ ಅನುಭವದಿಂದ ಹೆದರಿಕೆ. ಅದೂ ಮ್ಯೂಸಿಯಂ ಕಟ್ಟಡದಲ್ಲೇ ನಡೆದಿದ್ದು. ಐದು ದಿನವೂ ಮಕ್ಕಳನ್ನು ಒಂದು ಹಾಲ್‌ನಲ್ಲಿ ಕೂರಿಸಿ, ಬೋರ್ಡ್ ಮೇಲೆ ಬರೆದ ನವಿಲನ್ನೇ ಎಲ್ಲರ ಕೈಲೂ ಬಿಡಿಸಿದರು. ಕೊನೆಯ ದಿನ ಗೋಡೆಗೆ ಅಂಟಿಸಿದ್ದ ಮೂವತ್ತು ನವಿಲುಗಳಲ್ಲಿ ನನ್ನ ಮಗಳದ್ದು ಯಾವುದು ಅಂತ ಕೆಳಗಿನ ಹೆಸರು ಓದಿ ಹುಡುಕಬೇಕಾಯಿತು. ಒಳಗೆ ಏನೇನು ನೋಡಿದೆ ಪುಟ್ಟಿ ಅಂದರೆ, "ಬಾತ್‌ರೂಮಿಗೆ ಹೋಗುವಾಗ ಒಂದು ದೊಡ್ಡ ಕಲ್ಲು ಇತ್ತಮ್ಮ" ಅಂದಳು. ಅದನ್ನು ಕೇಳಿ ನಿಜವಾಗಿ ಹೊಟ್ಟೆ ಉರಿಯಿತು. ಈ ಸಲ ದುಡ್ಡು ಕಟ್ಟುವ ಮುಂಚೆ ಅವರನ್ನು ಏನು ಕೇಳಲಿ? ಗೊತ್ತಿದ್ದವರು ಹೇಳಿ.

ಡ್ರಾಯಿಂಗ್ ಮೇಷ್ಟ್ರು:
ಮೇಡಂ, ಒಂದೇ ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಹೊತ್ತು ಮಕ್ಕಳನ್ನು ವಸ್ತುಗಳ ಮುಂದೆ ಕೂರಿಸುತ್ತೀರಿ? ಉತ್ತರಕ್ಕೆ ತಡವರಿಸಿದರೆ ಬಿಟ್ಟುಬಿಡಿ. ನವಿಲು ಬಿಡಿಸೋಕೆ ಮ್ಯೂಸಿಯಂ ಯಾಕೆ ಬೇಕು, ಮನೆ ಜಗಲಿ ಸಾಕಲ್ವಾ.

ಒಂದು ಸಲ ನಾನು ಹನ್ನೆರಡು ಮಕ್ಕಳನ್ನು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ, 1877ರ ಆ ಕೆಂಪು ಕಟ್ಟಡ. ಅಲ್ಲಿ ಆತಕೂರಿನ ವೀರಗಲ್ಲು ಇದೆ. ಮದ್ದೂರು ತಾಲ್ಲೂಕಿನ ಆತಕೂರಿನದು, ಹತ್ತನೇ ಶತಮಾನದ್ದು. ಮಣಲೇರ ಅನ್ನುವ ವೀರ ತಕ್ಕೋಲದ ಯುದ್ಧದಲ್ಲಿ ಹೋರಾಡಿ, ಬಹುಮಾನವಾಗಿ ಊರು ಕೇರಿ ಕೇಳದೆ ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ನಾಯಿ ಕಾಡುಹಂದಿಯ ಜೊತೆ ಸೆಣಸಿತು, ಎರಡೂ ಸತ್ತವು. ಆ ನಾಯಿಗೋಸ್ಕರ ಕಲ್ಲು ನಿಲ್ಲಿಸಿ, ಪೂಜೆ ನಡೆಯಲಿ ಅಂತ ಭೂಮಿಯನ್ನೂ ಬಿಟ್ಟರು. ನಾಯಿ, ಹಂದಿ ಹೊಡೆದಾಡುವುದನ್ನು ಕಲ್ಲಿನ ಮೇಲೇ ಕೆತ್ತಿದ್ದಾರೆ, ಸುತ್ತ ಹಳಗನ್ನಡದ ಅಕ್ಷರ.

ಕಥೆ ಹೇಳಿ ಸುಮ್ನೆ ಕೂರಿಸಿದೆ ಅಷ್ಟೇ. ಒಬ್ಬ ಹುಡುಗ ನಾಯಿಯ ಕಾಲನ್ನು ಮೂರು ಸಲ ಬರೆದು ಮೂರು ಸಲ ಅಳಿಸಿದ, ಕಾಗದ ತೂತು ಬೀಳುವ ಹಾಗಾಯಿತು. ಎದ್ದು ಹತ್ತಿರ ಹೋಗಿ ನೋಡಿ ಬಂದ, ನಾಲ್ಕನೇ ಸಲ ಬರೆದ. ಇನ್ನೊಬ್ಬಳು ಶಾಸನದ ಒಂದು ಅಕ್ಷರವನ್ನೇ ಹಾಳೆ ತುಂಬ ದೊಡ್ಡದಾಗಿ ಬಿಡಿಸಿದಳು. ಹನ್ನೆರಡು ಹಾಳೆ, ಹನ್ನೆರಡು ಬೇರೆ ಬೇರೆ ಕಾಳಿ. ನಾನು ಯಾರ ಹಾಳೆಯನ್ನೂ ಮುಟ್ಟಿ ತಿದ್ದಲಿಲ್ಲ. ಅದನ್ನೂ ಕೇಳಿ ನೋಡಿ, ಮಕ್ಕಳ ಚಿತ್ರವನ್ನು ಮೇಷ್ಟ್ರು ತಿದ್ದುತ್ತಾರಾ ಅಂತ.

ಇಬ್ಬರು ಗಂಡುಮಕ್ಕಳ ಅಪ್ಪ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಎಂಟು ವರ್ಷದ ಮಗು ಗಂಟೆಗಟ್ಟಲೆ ಕಲ್ಲಿನ ಮುಂದೆ ಕೂರುತ್ತಾ ಸರ್? ನನ್ನ ಚಿಕ್ಕವನು ಇಪ್ಪತ್ತು ನಿಮಿಷಕ್ಕೇ ಕಾಲು ಕುಣಿಸೋಕೆ ಶುರು ಮಾಡುತ್ತಾನೆ. ರಜೆಯಲ್ಲಿ ಸ್ವಲ್ಪ ಬಣ್ಣ ಚೆಲ್ಲಾಡಿ, ಹೊಸ ಗೆಳೆಯರನ್ನು ಮಾಡಿಕೊಂಡು ಬಂದರೂ ನನಗೆ ಖುಷಿಯೇ.

ಹಾಗಾಗಿ ಅಂಗಳ ಇರುವ ಜಾಗ ನೋಡಿ. ಪ್ಯಾಲೇಸ್ ರೋಡಿನ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ) ಇದೆಯಲ್ಲ, ಮಾಣಿಕ್ಯವೇಲು ಮ್ಯಾನ್ಷನ್, ಅಲ್ಲಿ ದೊಡ್ಡ ದೊಡ್ಡ ಮರಗಳಿವೆ. ಒಳಗೆ ಅರ್ಧ ಗಂಟೆ ನೋಡಿ, ಹೊರಗೆ ಮರದ ಕೆಳಗೆ ಕೂತು ಬಿಡಿಸಿದರೆ ಮಕ್ಕಳಿಗೆ ಸುಸ್ತಾಗಲ್ಲ.

ಡ್ರಾಯಿಂಗ್ ಮೇಷ್ಟ್ರು:
ಒಪ್ಪುತ್ತೇನೆ ಸರ್, ಗಂಟೆಗಟ್ಟಲೆ ಬೇಡ. ಇಪ್ಪತ್ತು ನಿಮಿಷ ಒಂದೇ ವಸ್ತು, ಆಮೇಲೆ ಹೊರಗೆ ಓಡಾಟ, ಆಮೇಲೆ ಬಣ್ಣ. ಒಳಗೆ ಪೆನ್ಸಿಲ್ ಮಾತ್ರ ಕೊಡಬೇಕು. ಬಣ್ಣದ ನೀರಿನ ಬಟ್ಟಲು ಉರುಳಿದರೆ ಹಳೆಯ ವಸ್ತುವಿಗೆ ಬಿದ್ದ ಕಲೆ ತೆಗೆಯೋದು ಕಷ್ಟ. ಕಲ್ಲನ್ನು ಮುಟ್ಟಬಾರದು ಅನ್ನುವುದಕ್ಕೂ ಕಾರಣ ಹೇಳಿ: ಕೈಯ ಜಿಡ್ಡು, ಬೆವರು ಮೆಲ್ಲಗೆ ಕಲ್ಲಿಗೆ ಇಳಿಯುತ್ತದೆ. ಕಾರಣ ಗೊತ್ತಾದರೆ ಮಕ್ಕಳೇ ಒಬ್ಬರನ್ನೊಬ್ಬರು ತಡೆಯುತ್ತಾರೆ.

ಮೈಸೂರಿನವಳು:
ಮೈಸೂರಿಗೆ ಬಂದರೆ ಮಗಳನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ ಅಕ್ಕ. ಅಲ್ಲಿ ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ನನ್ನ ತಂಗಿ ಮಗ ಅದರ ಮುಂದೆ ನಿಂತು, "ಹಿಂದೆ ಬಲ್ಬ್ ಇಟ್ಟಿದ್ದಾರಾ ದೊಡ್ಡಮ್ಮ?" ಅಂತ ಕೇಳಿದ. ಇಲ್ಲ ಕಣೋ, ಬರೀ ನೀರುಬಣ್ಣ ಅಂದೆ, ನಂಬಲೇ ಇಲ್ಲ. ಮನೆಗೆ ಬಂದ ಮೇಲೆ ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿ, ತನ್ನ ಕೈಯನ್ನು ಅದಕ್ಕೆ ಅಡ್ಡ ಹಿಡಿದು, ಬೆರಳಿನ ಅಂಚು ಕೆಂಪಗೆ ಕಾಣೋದನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದ. ಆಮೇಲೆ ಅದನ್ನೇ ಬಿಡಿಸಿದ.

ಪ್ರಾಣಿ ಪಕ್ಷಿ ಇಷ್ಟ ಇದ್ದರೆ ಕಾರಂಜಿ ಕೆರೆ ಹತ್ತಿರದ ಪ್ರಾಕೃತಿಕ ವಿಜ್ಞಾನ ಮ್ಯೂಸಿಯಂ ಕೂಡ ಇದೆ, ರಜೆಯಲ್ಲಿ ಮಕ್ಕಳಿಗೆ ಶಿಬಿರ ಮಾಡುತ್ತಾರೆ. ಈ ವರ್ಷದ ತಾರೀಕು ಫೋನ್ ಮಾಡಿ ಕೇಳಿಕೊಳ್ಳಿ.

ಮಲ್ಲೇಶ್ವರದ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಶಿಬಿರದವರಿಗೆ ಫೋನ್ ಮಾಡಿ ಮೇಷ್ಟ್ರ ಪ್ರಶ್ನೆಯನ್ನೇ ಕೇಳಿದೆ. ದಿನಕ್ಕೊಂದು ವಸ್ತು, ಬೆಳಗ್ಗೆ ಅದರ ಮುಂದೆ ಕೂತು ಪೆನ್ಸಿಲ್ ಕೆಲಸ, ಮಧ್ಯಾಹ್ನ ವರಾಂಡದಲ್ಲಿ ಬಣ್ಣ ಅಂದರು. ತಿದ್ದಲ್ಲ ಅಂತಲೂ ಹೇಳಿದರು. ಹೆಸರು ಬರೆಸಿದ್ದೇನೆ. ಎಕ್ಸಾಂ ಪ್ಯಾಡು, ಎರಡು ಪೆನ್ಸಿಲ್, ರಬ್ಬರ್ ಮನೆಯಿಂದ ತರಬೇಕಂತೆ. ಕಾಳಿ ಕಥೆಯನ್ನು ರಾತ್ರಿ ಮಗಳಿಗೆ ಹೇಳಿದೆ, ಭಾನುವಾರವೇ ಆ ಕಲ್ಲು ತೋರಿಸು ಅಂತ ಹಟ ಹಿಡಿದು ಮಲಗಿದ್ದಾಳೆ.